ಗಾರ್ತ್‌ನ ಕೂಗು

ಚಳಿಗೆ ಎಲ್ಲರ ಬಾಯಿಂದ ಹಬೆ ಬಂದರೆ ಗಾರ್ತ್‌ಗೆ ಕುತ್ತಿಗೆಯಿಂದ ಬರುತ್ತಿತ್ತು. ನೋಡಬಾರದು ಎಂದುಕೊಂಡೇ ಲೈಲ್ ಅದನ್ನು ನೋಡುತ್ತಿದ್ದ. ಪಿಕಪ್ಪಿನ ಹೀಟರ್ ಇನ್ನೂ ಕಾದಿರಲಿಲ್ಲ. ಮುಂದಿನ ಒಂದೇ ಸೀಟಿನಲ್ಲಿ ಮೂವರೂ ಒತ್ತಿಕೊಂಡು ಕೂತಿದ್ದರು: ಗಾಡಿ ಓಡಿಸುತ್ತಿದ್ದ ನೋರೀನ್, ನಡುವೆ ಅವಳ ಗಂಡ ಗಾರ್ತ್, ಬಾಗಿಲಿಗೆ ಅಂಟಿಕೊಂಡು ಗಾರ್ತ್‌ನ ತಮ್ಮ ಲೈಲ್. ಗಾರ್ತ್‌ನ ಗಂಟಲ ತೂತಿಗೆ ಕಟ್ಟಿದ ಹತ್ತಿ ಬಟ್ಟೆ ಉಸಿರಿಗೊಮ್ಮೆ ಉಬ್ಬಿ ತಗ್ಗುತ್ತಿತ್ತು. ಅದರ ಅಂಚಿನಿಂದ ಹಬೆ ಸಣ್ಣಗೆ ಹೊರಟು ಎದುರಿನ ಗಾಜನ್ನು ಮಬ್ಬು ಮಾಡುತ್ತಿತ್ತು. ನೋರೀನ್ ತೋಳಿನಿಂದ ಗಾಜು ಒರೆಸುವಳು, ಅದು ಮತ್ತೆ ಮಬ್ಬಾಗುವುದು. ತನ್ನ ಬಾಯಿಂದ ಬರುತ್ತಿದ್ದ ಹಬೆಗೆ ಲೈಲ್‌ಗೆ ಯಾಕೋ ನಾಚಿಕೆಯಾಯಿತು. ಬಾಯಿ ಮುಚ್ಚಿ ಮೂಗಿನಲ್ಲಿ ಉಸಿರಾಡಿದ. ಅದೂ ಅಣ್ಣನಿಂದ ಆಗದ ಕೆಲಸವೇ ಎಂದು ಆಮೇಲೆ ಹೊಳೆಯಿತು.

ಗಾರ್ತ್ ಜೇಬಿನಿಂದ ಮಾತಿನ ಯಂತ್ರ ತೆಗೆದು ಗದ್ದದ ಕೆಳಗೆ ಒತ್ತಿಕೊಂಡ. ಗಡ್ಡ ಹೆರೆಯುವ ಯಂತ್ರದಷ್ಟೇ ದೊಡ್ಡದು. ಅದರಿಂದ ಬರುವ ಮಾತು ಡಬ್ಬಿಯಲ್ಲಿ ಸಿಕ್ಕಿಕೊಂಡ ದುಂಬಿಯ ಗುಂಯ್‌ಗುಡುವಿಕೆಯಂತಿತ್ತು; ಅದರಲ್ಲಿ ಸಿಟ್ಟೂ ಒಂದೇ, ತಮಾಷೆಯೂ ಒಂದೇ.

"ಕ್ಯಾಮೆರಾ ಯಾಕೆ?"

"ಸುಮ್ನೆ," ಎಂದ ಲೈಲ್. "ಅಭ್ಯಾಸ."

"ತೊಡೆ ಮೇಲೆ ಕೂರಿಸ್ಕೊಂಡಿರೋದು ನೋಡು," ಎಂದಳು ನೋರೀನ್. "ಹೆಂಡ್ತೀನ ಇದರ ಅರ್ಧದಷ್ಟು ಜೋಪಾನ ಮಾಡಿದ್ರೂ ಅವಳು ಬಿಟ್ಟು ಹೋಗ್ತಿರ್ಲಿಲ್ಲ."

ಗಾರ್ತ್ ನಕ್ಕ. ಅವನ ನಗುವಿಗೆ ಈಗ ಸದ್ದಿಲ್ಲ. ಹೆಗಲು ಕುಣಿಯುತ್ತವೆ, ಗಂಟಲ ಬಟ್ಟೆ ಪಟಪಟ ಬಡಿಯುತ್ತದೆ. ಲೈಲ್ ಕೂಡ ನಕ್ಕ, ಸ್ವಲ್ಪ ಜಾಸ್ತಿಯೇ ನಕ್ಕ, ಆಮೇಲೆ ಆ ಸದ್ದು ತನಗೇ ಅಸಹ್ಯವಾಗಿ ಕಿಟಕಿಯ ಕಡೆ ತಿರುಗಿದ.

ಹೋದ ವಾರ ನೋರೀನ್ ಫೋನ್ ಮಾಡಿದ್ದಳು. ಗಂಡ ಮಲಗಿದ್ದಾನೆ, ಅದಕ್ಕೇ ಕೊಟ್ಟಿಗೆಯಿಂದ ಮಾತಾಡ್ತಿದ್ದೀನಿ ಎಂದಿದ್ದಳು. ಹಿಂದಿನಿಂದ ಕುದುರೆ ಮೂಗು ಸೀಟುವುದು ಕೇಳುತ್ತಿತ್ತು. ಗಂಟಲು ತೆಗೆದರೂ ಕ್ಯಾನ್ಸರ್ ಪುಪ್ಪಸಕ್ಕೆ ಇಳಿದಿದೆಯಂತೆ. ಬರೋ ವರ್ಷದ ಬೇಟೆ ಸೀಸನ್ ಅವನು ನೋಡಲ್ಲ ಕಣೋ. ಅವನಿಗೊಂದೇ ಆಸೆ, ಇನ್ನೊಂದು ಸಲ ಕಾಡಿಗೆ ಹೋಗ್ಬೇಕು, ನೀನು ಹೋಟೆಲ್ ಗೋಡೆಗೆ ಪಟ ಹಾಕಿದ್ದೀಯಲ್ಲ, ಆ ಎಲ್ಕ್ ಹೋರೀನೇ ಹೊಡೀಬೇಕು. ಅವನಿಗೆ ಕೂಗಕ್ಕಾಗಲ್ಲ. ನೀನು ಕೂಗಿ ಕರ್ಸು, ಅಷ್ಟೇ. ಲೈಲ್ ಆಗಲಿ ಎಂದುಬಿಟ್ಟ. ಸಾಯುವವನ ಹೆಂಡತಿ ಕೊಟ್ಟಿಗೆಯಲ್ಲಿ ನಿಂತು ಕೇಳಿದರೆ ಆಗಲಿ ಎನ್ನದೆ ಏನೆನ್ನುವುದು. ಫೋನ್ ಇಟ್ಟಮೇಲೆ ಅವನಿಗೆ ಅಳು ಬಂದದ್ದು ನಿಜ. ಆದರೆ ಅಳುತ್ತಿದ್ದದ್ದು ಅಣ್ಣನಿಗಾಗಿಯೋ ಕಡವೆಯಂಥ ಆ ಎಲ್ಕಿಗಾಗಿಯೋ ಎಂದು ಅವನು ತನ್ನನ್ನೇ ಕೇಳಿಕೊಳ್ಳಲಿಲ್ಲ. ಕೇಳಿಕೊಂಡಿದ್ದರೆ ಉತ್ತರ ಹೇಳಬೇಕಾಗುತ್ತಿತ್ತು.

ಆ ಪಟವನ್ನು ಗೋಡೆಗೆ ಹಾಕಿದ್ದೇ ತಪ್ಪಾಯಿತು. ವಯೋಮಿಂಗ್‌ನ ಈ ಕಡೆಯ ಗುಡ್ಡಗಳಲ್ಲಿ ಪಟ ತೆಗೆಯುವವನು ಮೊದಲು ಕಲಿಯುವುದು ಎಲ್ಕ್ ತೆಗೆಯುವುದನ್ನಲ್ಲ, ಎಲ್ಕಿನ ಹಿಂದೆ ಏನಿದೆ ಎಂಬುದನ್ನು ಅಳಿಸುವುದನ್ನು. ಹಿಂದೆ ಬರೀ ಹುಲ್ಲಿರಬೇಕು, ಬರೀ ಆಸ್ಪೆನ್ ಮರಗಳ ಹಳದಿ ಇರಬೇಕು, ಊರಿನವರು ಕಾಫಿ ಹೀರುತ್ತ ಎಷ್ಟು ದಿಟ್ಟಿಸಿದರೂ ಯಾವ ಕಣಿವೆ ಎಂದು ತಿಳಿಯಬಾರದು. ಲೈಲ್ ಅದರಲ್ಲಿ ಗಟ್ಟಿಗ. ಆದರೆ ಆ ಬೆಳಗ್ಗೆ ಬೆಳಕು ಹಿಂದಿನಿಂದ ಬಂದಿತ್ತು, ಹೋರಿ ಕೊಂಬನ್ನು ಬೆನ್ನಿಗೆ ಚಾಚಿ ಕೂಗಿತ್ತು, ಅದರ ಬಾಯಿಯ ಹಬೆಗೆ ಬಿಸಿಲು ತಗುಲಿ ಬಂಗಾರವಾಗಿತ್ತು. ದುರಾಸೆಗೆ ಬಿದ್ದು ಅವನು ಮಸೂರ ತಿರುಗಿಸುವುದನ್ನು ಮರೆತ. ಪಟದ ಬಲ ಮೂಲೆಯಲ್ಲಿ, ಮಸುಕು ಮಸುಕಾಗಿ, ಸೀಳಿದ ಬಂಡೆಯೂ ಅದರೊಳಗಿಂದ ಎದ್ದ ಸೊಟ್ಟ ಸ್ಪ್ರೂಸ್ ಮರವೂ ಉಳಿದುಹೋದವು. ನೂರು ಜನ ಆ ಪಟ ನೋಡಿದರು, ಯಾರಿಗೂ ಗೊತ್ತಾಗಲಿಲ್ಲ. ಗಾರ್ತ್ ಒಂದು ಸಲ ನೋಡಿ ಮೊಟ್ಟೆಯ ತಟ್ಟೆಗೆ ಬಗ್ಗಿ, "ಟಾಲರ್ ಹಳ್ಳದ ಮೇಲಿನ ಬಯಲು," ಎಂದ. ಆಗ ಅವನಿಗಿನ್ನೂ ಗಂಟಲಿತ್ತು.

ಗಾಡಿ ನಿಂತಿತು. ಇಲ್ಲಿಂದ ನಡೆಯಬೇಕು. ನೋರೀನ್ ಗಾಡಿಯಲ್ಲೇ ಇರುತ್ತಾಳೆ. ಕಿತ್ತಳೆ ಬಣ್ಣದ ಟೋಪಿಯನ್ನು ಗಂಡನ ತಲೆಗೆ ತಾನೇ ಎಳೆದು, ಕುತ್ತಿಗೆಯ ಬಟ್ಟೆಯ ಗಂಟು ನೋಡಿ, ಬಂದೂಕು ಅವನ ಕೈಗೆ ಕೊಟ್ಟಳು. ಲೈಲ್ "ನಾನು ಹೊರ್ತೀನಿ" ಎಂದದ್ದಕ್ಕೆ ಗಾರ್ತ್ ತಿರುಗಿಯೂ ನೋಡಲಿಲ್ಲ. ಬಂದೂಕು ಬಿಟ್ಟು ಉಳಿದದ್ದೆಲ್ಲ ಲೈಲ್‌ಗೆ ಬಂತು: ನೀರು, ಚೀಲ, ಕೂಗುಕೊಳವೆ. ಆ ಕೊಳವೆ ಗಾರ್ತ್‌ನದು. ಕಸ ಹೀರುವ ಹಳೆಯ ಯಂತ್ರದ ಮೆದು ಪೈಪು ಕತ್ತರಿಸಿ, ಕಂದು ಟೇಪು ಸುತ್ತಿ ಮಾಡಿಕೊಂಡದ್ದು. ನಾಲಿಗೆಯ ಮೇಲೆ ರಬ್ಬರ್ ಪೊರೆ ಇಟ್ಟುಕೊಂಡು ಇದರೊಳಗೆ ಊದಿ ಗಾರ್ತ್ ಕೂಗಿದನೆಂದರೆ ಎದುರಿನ ಗುಡ್ಡದಲ್ಲಿ ಮಲಗಿದ್ದ ಹೋರಿ ಎದ್ದು ಉತ್ತರ ಕೊಡುತ್ತಿತ್ತು. ಅಡಿಯಲ್ಲಿ ಶುರುವಾಗಿ ಮೂರು ಮೆಟ್ಟಿಲು ಹತ್ತಿ, ತುದಿಯಲ್ಲಿ ಸೀಳಿ, ಆಮೇಲೆ ಹೊಟ್ಟೆಯಿಂದ ಎಳೆದ ಗೊರಗೊರ ಸದ್ದು. ಇಡೀ ಕಣಿವೆಗೆ ಅದು ಗೊತ್ತಿತ್ತು. ಮನೆಯೊಳಗೆ ಪಾತ್ರೆ ತೊಳೆಯುತ್ತಿದ್ದ ಹೆಂಗಸರು ಕೂಡ, ಅದು ಎಲ್ಕ್ ಅಲ್ಲ, ಗಾರ್ತ್, ಎನ್ನುತ್ತಿದ್ದರು.

ಏರು ಶುರುವಾದ ಮೇಲೆ ಗಾರ್ತ್ ಹತ್ತು ಹೆಜ್ಜೆ ನಡೆದರೆ ನಿಲ್ಲುತ್ತಿದ್ದ. ಹಿಂದೆ ಲೈಲ್ ನಿಲ್ಲುತ್ತಿದ್ದ. ಹುಡುಗರಾಗಿದ್ದಾಗ ಇದೇ ದಾರಿಯಲ್ಲಿ ಗಾರ್ತ್ ಮುಂದೆ ಓಡಿ, ಬಾರೋ ಅಮ್ಮನ ಮಗನೇ ಎಂದು ಕೂಗುತ್ತಿದ್ದ. ಅಮ್ಮ ಇಬ್ಬರಿಗೂ ಒಬ್ಬಳೇ ಎಂದು ಅಳುತ್ತ ಇವನು ಹತ್ತುತ್ತಿದ್ದ. ಈಗ ಅಣ್ಣನ ಬೆನ್ನು ಅಂಗಿಯೊಳಗೆ ಎಲ್ಲೋ ಇತ್ತು. ನಿಂತಾಗಲೆಲ್ಲ ಅವನು ಟಾಲ್ಕಂ ಪುಡಿಯ ಸಣ್ಣ ಸೀಸೆ ಹಿಂಡಿ ಗಾಳಿ ಎತ್ತ ಬೀಸುತ್ತಿದೆ ಎಂದು ನೋಡುತ್ತಿದ್ದ. ಪುಡಿ ಅವರ ಮುಖದ ಕಡೆಗೇ ತೇಲಿ ಬರುತ್ತಿತ್ತು. ಗಾಳಿ ಸರಿಯಾಗಿತ್ತು, ಇವರ ವಾಸನೆ ಹೋರಿಗೆ ತಲುಪದು. ಎಲ್ಲವೂ ಸರಿಯಾಗಿತ್ತು, ಅದೇ ಲೈಲ್‌ಗೆ ಭಯ.

ಕಪ್ಪು ಕಾಡಿನ ಅಂಚಿಗೆ ಬಂದಾಗ ಆ ವಾಸನೆ ಅವನ ಮೂಗಿಗೆ ಹೊಡೆಯಿತು. ಮದದ ಕಾಲದ ಹೋರಿ ತನ್ನ ಉಚ್ಚೆಯ ಕೆಸರಿನಲ್ಲೇ ಹೊರಳಿ ಮೈಗೆಲ್ಲ ಬಳಿದುಕೊಂಡಿರುತ್ತದಲ್ಲ, ಆ ಘಾಟು. ಹಸಿ, ಬಿಸಿ, ಈಗ ತಾನೇ ದಾಟಿಹೋದದ್ದು. ಗಾರ್ತ್ ತಿರುಗಿದ. ಗಂಟಲ ಜೊತೆಗೆ ಅವನ ಮೂಗೂ ಹೋಗಿದೆ. ಮೂಗಿನಿಂದ ಗಾಳಿಯೇ ಆಡದಿದ್ದರೆ ವಾಸನೆ ಎಲ್ಲಿಂದ. ಎಲ್ಲರಿಗಿಂತ ಮೊದಲು ಎಲ್ಕಿನ ವಾಸನೆ ಹಿಡಿಯುತ್ತಿದ್ದವನು ಈಗ ಹುಬ್ಬು ಮೇಲೆತ್ತಿ, ತನ್ನ ಮೂಗು ಮುಟ್ಟಿ ತೋರಿಸಿ, ತಮ್ಮನ ಮುಖ ನೋಡಿದ. ಅಂಥ ನೋಟವನ್ನು ಲೈಲ್ ಹಿಂದೆ ನೋಡಿರಲಿಲ್ಲ. ಗಾರ್ತ್ ಯಾರನ್ನೂ ಏನನ್ನೂ ಬೇಡಿದವನಲ್ಲ.

"ಇಲ್ಲ," ಎಂದು ಪಿಸುಗುಟ್ಟಿದ ಲೈಲ್. "ಏನೂ ಇಲ್ಲ. ಇನ್ನೂ ಆ ಕಡೆ ಇರ್ಬೇಕು. ಅಥ್ವಾ ಹೋಗ್ಬಿಟ್ಟಿದೆ."

ಇಷ್ಟು ಸುಲಭವೆ ಎನಿಸಿತು. ಕುರುಡನ ಕೈ ಹಿಡಿದು ಬೇರೆ ಬೀದಿಗೆ ಕರೆದೊಯ್ದ ಹಾಗೆ. ಗಾರ್ತ್ ತಲೆಯಾಡಿಸಿ ನೆಲ ನೋಡಿದ. ಒಂದು ಮಂಡಿ ಊರಿ ಕೂತು, ಗ್ಲೌಸ್ ಕಳಚಿ, ಹುಲ್ಲಿನ ಮಧ್ಯದ ಹಿಕ್ಕೆಯನ್ನು ಬೆರಳಿನಿಂದ ಒತ್ತಿದ. ಒಡೆಯಿತು, ಒಳಗೆ ಹಸಿರು, ಮೆತ್ತಗೆ, ಇನ್ನೂ ಬೆಚ್ಚಗೆ. ಬೆರಳು ಒರೆಸಿಕೊಳ್ಳುತ್ತ ಅವನು ತಮ್ಮನ ಕಡೆ ನೋಡಲಿಲ್ಲ. ಎದ್ದು ಮುಂದೆ ಹೋದ. ಲೈಲ್‌ನ ಕಿವಿ ಬಿಸಿಯಾಯಿತು. ನೆಗಡಿ ಆಗಿದೆ ಎನ್ನಬಹುದು ಎಂದುಕೊಳ್ಳುತ್ತ ಹಿಂದೆ ನಡೆದ.

ಬಯಲಿನ ಅಂಚಿನಲ್ಲಿ ಬಿದ್ದ ಮರವೊಂದರ ಹಿಂದೆ ಕೂತರು. ಸೀಳಿದ ಬಂಡೆ ಎದುರಿಗೇ ಇತ್ತು. ಇಲ್ಲೇ, ಇದೇ ಮರದ ಹಿಂದೆ, ಲೈಲ್ ಕಳೆದದ್ದು ಎಷ್ಟು ಶರತ್ಕಾಲದ ಬೆಳಗುಗಳು. ಬ್ಯಾಟರಿ ತಣ್ಣಗಾಗದಂತೆ ಕಂಕುಳಲ್ಲಿಟ್ಟುಕೊಂಡು, ಕಾಲು ಜೋಮು ಹಿಡಿದು, ಉಚ್ಚೆ ಕಟ್ಟಿಕೊಂಡು ಕೂತು, ರಬ್ಬರ್ ಪೊರೆಯಿಂದ ಹೆಣ್ಣು ಎಲ್ಕಿನಂತೆ ಸಣ್ಣಗೆ ಮಿಯ್ಯೆಂದು ಕರೆದು. ಹೋರಿ ತನ್ನ ಹಿಂಡು ಬಿಟ್ಟು ಬರುತ್ತಿತ್ತು. ಬಂದು, ಕತ್ತು ಚಾಚಿ, ಇಲ್ಲದ ಹೆಣ್ಣಿಗಾಗಿ ಹುಡುಕುತ್ತಿತ್ತು. ಅದರ ಕಣ್ಣಿಗೆ ಮಸೂರ ಕೂಡಿಸು, ಕಣ್ಣು ಚೂಪಾದರೆ ಉಳಿದದ್ದೆಲ್ಲ ಸರಿ, ಕ್ಲಿಕ್, ಕ್ಲಿಕ್. ಇವನು ಪಟ ತೆಗೆಯುವಷ್ಟರಲ್ಲಿ ಆ ಕಡೆ ಯಾವುದೋ ಎಳೆ ಹೋರಿ ಅದರ ಹೆಣ್ಣುಗಳನ್ನು ಓಡಿಸಿಕೊಂಡು ಹೋಗುತ್ತಿತ್ತು. ಇದು ತಿರುಗಿ ಓಡಬೇಕು, ಕಾದಾಡಬೇಕು. ಮರುದಿನ ಮತ್ತೆ ಇವನು ಕರೆಯುತ್ತಿದ್ದ. ಹೋದ ವರ್ಷದ ಪಟಗಳಲ್ಲಿ ಅದರ ಪಕ್ಕೆಲುಬು ಎಣಿಸುವಂತಿದ್ದವು. ಗಾರ್ತ್ ಒಮ್ಮೆ ಹೇಳಿದ್ದ, ಇನ್ನೂ ಗಂಟಲಿದ್ದಾಗ, ಹೋಟೆಲಿನಲ್ಲಿ ಎಲ್ಲರೆದುರು: "ನಾನು ಅದಕ್ಕೆ ಒಂದೇ ಸಲ ಮೋಸ ಮಾಡ್ತೀನಿ ಕಣೋ, ಆಮೇಲೆ ತಿಂತೀನಿ. ನೀನು ದಿನಾ ಮಾಡ್ತೀಯ. ಹೆಣ್ಣೂ ಇಲ್ಲ, ಗುಂಡೂ ಇಲ್ಲ. ಅದೇನು ಪುಣ್ಯವೋ ನಿಂದು!" ಎಲ್ಲರೂ ನಕ್ಕಿದ್ದರು. ಆಮೇಲೆ ಹೇಗೂ ಆ ಹಳೆಯ ಕಥೆ ಬಂತು, ಪ್ರತಿ ವರ್ಷ ಬರುವ ಕಥೆ: ಲೈಲ್ ಮೊದಲ ಸಲ ಬಂದೂಕು ಹಿಡಿದದ್ದು, ಎಲ್ಕ್ ಎದುರಿಗೆ ಬಂದು ನಿಂತದ್ದು, ಇವನ ಕೈ ನಡುಗಿ ಗುಂಡು ಆಕಾಶಕ್ಕೆ ಹೋದದ್ದು. ಗಾರ್ತ್ ಎದ್ದು ನಿಂತು ಆ ನಡುಕವನ್ನು ಆಡಿ ತೋರಿಸುತ್ತಿದ್ದ, ಕೈಯಲ್ಲಿದ್ದ ಕಾಫಿ ಚೆಲ್ಲುವ ಹಾಗೆ. ಲೈಲ್ ನಗುತ್ತಿದ್ದ. ಕ್ಯಾಮೆರಾ ಹಿಡಿದಾಗ ಕೈ ನಡುಗಲಿಲ್ಲ, ಅದಕ್ಕೇ ಹಿಡಿದೆ, ಎಂದು ಅವನು ಯಾರಿಗೂ ಹೇಳಿಲ್ಲ. ಹೋರಿಯ ಮೇಲಿನ ಪ್ರೀತಿಯಿಂದ ಎಂದು ಜನ ತಿಳಿದಿದ್ದಾರೆ, ಪೇಟೆಯಿಂದ ಬರುವವರು ಹಾಗೇ ಹೇಳಿ ಬೆನ್ನು ತಟ್ಟುತ್ತಾರೆ.

ಗಾರ್ತ್ ಮೊಣಕೈಯಿಂದ ತಿವಿದ. ಬಂದೂಕನ್ನು ಮರದ ಮೇಲೆ ಒರಗಿಸಿದ್ದ. ಅಂಗೈ ಕೆಳಗೆ ಮಾಡಿ ಮೆಲ್ಲಗೆ ಒತ್ತಿ ತೋರಿಸಿದ: ಸಣ್ಣಗೆ, ಹೆಣ್ಣಿನ ಹಾಗೆ. ಮೊದಲು ಹೆಣ್ಣಾಗು, ಆಮೇಲೆ ಬೇಕಿದ್ದರೆ ಗಂಡಾಗು. ಲೈಲ್‌ಗೆ ಅವನೇ ಕಲಿಸಿದ ಪಾಠ. ಹಿಂಡು ಕಟ್ಟಿಕೊಂಡ ಹೋರಿಗೆ ಹತ್ತಿರದಿಂದ ಇನ್ನೊಂದು ದೊಡ್ಡ ಗಂಡಿನ ಕೂಗು ಕೇಳಿಸಿದರೆ ಅದು ಜಗಳಕ್ಕೆ ಬರುವುದಿಲ್ಲ. ಹೆಣ್ಣುಗಳನ್ನು ಒಟ್ಟುಮಾಡಿಕೊಂಡು ಗುಡ್ಡ ದಾಟಿಬಿಡುತ್ತದೆ. ಈ ಕಣಿವೆಯ ಚಿಕ್ಕ ಮಕ್ಕಳಿಗೂ ಅದು ಗೊತ್ತು.

ಲೈಲ್ ಪೊರೆಯನ್ನು ನಾಲಿಗೆಗೆ ಅಂಟಿಸಿ ಮಿಯ್ಯೆಂದ. ಬೇಕೆಂದೇ ಒರಟಾಗಿ ಕರೆಯಬೇಕೆಂದಿದ್ದ, ಆದರೆ ಬಾಯಿ ಕೇಳಲಿಲ್ಲ. ಅಭ್ಯಾಸಬಲದಿಂದ ಅದು ಸೊಗಸಾಗಿ, ಕೊನೆಯಲ್ಲಿ ಸ್ವಲ್ಪ ಬಾಗಿ ಬಂತು. ಕಾಡಿನೊಳಗಿಂದ ತಕ್ಷಣ ಉತ್ತರ. ಇಷ್ಟು ಹತ್ತಿರವೆ! ಗಾರ್ತ್‌ನ ಮುಖದಲ್ಲಿ ರಕ್ತ ಆಡಿತು. ಬಟ್ಟೆ ಬೇಗ ಬೇಗ ಉಬ್ಬಿ ತಗ್ಗತೊಡಗಿತು. ಇನ್ನೊಮ್ಮೆ, ಎಂದ ಕೈಯಿಂದ. ಇನ್ನೊಮ್ಮೆ ಕರೆದ. ಕಡ್ಡಿ ಮುರಿದ ಸದ್ದು. ಮರಗಳ ನಡುವೆ ಕೊಂಬು ಮೊದಲು ಕಂಡಿತು, ಆಮೇಲೆ ಕಪ್ಪು ಕತ್ತು. ಇನ್ನು ನಾಲ್ಕು ಹೆಜ್ಜೆ ಬಂದರೆ ಬಯಲು. ಗಾರ್ತ್ ಕೆನ್ನೆಯನ್ನು ಬಂದೂಕಿನ ಹಿಡಿಗೆ ಒತ್ತಿದ. ಅವನ ಕೈ ನಡುಗುತ್ತಿರಲಿಲ್ಲ. ಮೈಯೆಲ್ಲ ಸೋತವನ ಕೈ ಇದೊಂದಕ್ಕೆ ಎಲ್ಲಿಂದಲೋ ಗಟ್ಟಿಯಾಗಿತ್ತು. ಲೈಲ್‌ಗೆ ಹೊಟ್ಟೆ ಉರಿಯಿತು. ಸಾಯುವವನ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದೇನೆ ಎಂದು ಗೊತ್ತಾಗಿಯೂ ಉರಿಯಿತು. ಇವನು ಹೊಡೆಯುತ್ತಾನೆ, ಅದು ಬೀಳುತ್ತದೆ, ಇವನೂ ಸಾಯುತ್ತಾನೆ. ಆಮೇಲೆ ಶರತ್ಕಾಲ ಬಂದರೆ ನಾನು ಏನು ಮಾಡಲಿ? ಯಾರನ್ನು ಕರೆಯಲಿ? ನನ್ನದು ಎಂದು ಇರುವುದು ಅದೊಂದೇ ಅಲ್ಲವೆ.

ಅವನು ಕೊಳವೆ ಎತ್ತಿಕೊಂಡ. ಯೋಚಿಸಿ ಮಾಡಿದ ಕೆಲಸವಲ್ಲ, ಆದರೆ ಯೋಚಿಸದೆ ಮಾಡಿದೆ ಎನ್ನಲೂ ಬರುವುದಿಲ್ಲ. ತುಟಿಗಿಟ್ಟಾಗ ಯಾವ ಕೂಗು ಬರಬೇಕೆಂದು ಅವನಿಗೆ ಗೊತ್ತಿತ್ತು. ಅಡಿಯಿಂದ ಶುರುವಾಗಿ, ಮೂರು ಮೆಟ್ಟಿಲು ಹತ್ತಿ, ತುದಿಯಲ್ಲಿ ಸೀಳಿ, ಹೊಟ್ಟೆಯಿಂದ ಗೊರಗೊರ. ಜೀವಮಾನದಲ್ಲಿ ಅವನು ಅಷ್ಟು ಚೆನ್ನಾಗಿ ಕೂಗಿರಲಿಲ್ಲ. ಅದು ಗಾರ್ತ್‌ನ ಕೂಗು, ಕೂದಲಷ್ಟೂ ಆಚೀಚೆ ಇಲ್ಲದೆ ಗಾರ್ತ್‌ನದೇ. ಎದುರು ಗುಡ್ಡಕ್ಕೆ ಬಡಿದು ತಿರುಗಿ ಬಂತು.

ಗಾರ್ತ್ ಬಂದೂಕಿನಿಂದ ಕೆನ್ನೆ ತೆಗೆದ. ತಿರುಗಿ ತಮ್ಮನನ್ನು ನೋಡಿದ. ಮೊದಲು ಆ ಮುಖದಲ್ಲಿದ್ದದ್ದು ಬೆರಗು ಮಾತ್ರ. ಕಳೆದುಹೋದ ನಾಯಿ ಅಂಗಳಕ್ಕೆ ಬಂದು ನಿಂತರೆ ಮಕ್ಕಳ ಮುಖ ಆಗುತ್ತದಲ್ಲ, ಹಾಗೆ. ಬಾಯಿ ತೆರೆದಿತ್ತು. ತನ್ನ ಗಂಟಲು ಇನ್ನೊಬ್ಬನ ಬಾಯಲ್ಲಿ ಬದುಕಿರುವುದನ್ನು ಅವನು ಕೇಳುತ್ತಿದ್ದ. ಅಷ್ಟು ಹೊತ್ತೂ ಅವನು ಬಯಲಿನ ಕಡೆ ನೋಡಲಿಲ್ಲ. ಅಲ್ಲಿ ಹೋರಿ ಬೆಚ್ಚಿ, ತಿರುಗಲೆಂದು ಬಯಲಿಗೇ ಬಂದು, ಪಕ್ಕೆಯಿಡೀ ತೋರಿಸಿ ಒಂದು ಗಳಿಗೆ ನಿಂತಿತು. ಕೊಂಬಿನ ಮೇಲೆ ಬಿಸಿಲು. ಲೈಲ್‌ನ ಕೈ ತಾನಾಗಿಯೇ ಕ್ಯಾಮೆರಾ ಎತ್ತಿತು. ಕಣ್ಣು ಚೂಪಾಯಿತು. ಕ್ಲಿಕ್, ಕ್ಲಿಕ್, ಕ್ಲಿಕ್. ಆಮೇಲೆ ಹೋರಿ ಹೆಣ್ಣುಗಳನ್ನು ಮುಂದೆ ಹಾಕಿಕೊಂಡು ಗುಡ್ಡ ಏರಿತು, ಕಲ್ಲುಗಳು ಉರುಳಿದ ಸದ್ದು ಸ್ವಲ್ಪ ಹೊತ್ತು ಕೇಳುತ್ತಿತ್ತು.

ಕ್ಯಾಮೆರಾ ಇಳಿಸಿದಾಗ ಗಾರ್ತ್ ಇನ್ನೂ ಅವನನ್ನೇ ನೋಡುತ್ತಿದ್ದ. ಆದರೆ ಈಗಿನ ಮುಖ ಬೇರೆ. ಎಲ್ಲ ಅರ್ಥವಾದವನ ಮುಖ. ಲೈಲ್ ಕಾದ. ಬಯ್ಯಲಿ, ಹೊಡೆಯಲಿ, ಆ ದುಂಬಿ ದನಿಯಲ್ಲೇ ತಾಯಿ ಹಿಡಿದು ಬಯ್ಯಲಿ. ಗಾರ್ತ್‌ನ ಕೈ ಯಂತ್ರ ಇದ್ದ ಜೇಬಿನ ಹತ್ತಿರ ಹೋಯಿತು, ಅದನ್ನು ತೆಗೆಯದೆ ಜೇಬಿನ ಗುಂಡಿ ಹಾಕಿತು. ಬಂದೂಕಿನ ಗುಂಡು ಹೊರಗೆಳೆದು ಇನ್ನೊಂದು ಜೇಬಿಗೆ ಹಾಕಿಕೊಂಡು ಅವನು ಇಳಿಯತೊಡಗಿದ.

"ಗಾರ್ತ್," ಎಂದ ಲೈಲ್ ಹಿಂದಿನಿಂದ. "ನಾನು..."

ಗಾರ್ತ್ ತಿರುಗದೆ ಕೈಯೆತ್ತಿದ. ಸುಮ್ಮನಿರು ಎಂದೋ, ಕಲ್ಲಿದೆ ನೋಡಿಕೊಂಡು ಬಾ ಎಂದೋ. ಇಳಿಜಾರಿನಲ್ಲಿ ಒಂದು ಕಡೆ ಅವನ ಕಾಲು ಜಾರಿತು. ಲೈಲ್ ಹಿಡಿಯಲು ಓಡಿದಾಗ ಅವನು ತೋಳು ಕೊಸರಲಿಲ್ಲ. ಹಿಡಿಸಿಕೊಂಡ, ಹಿಡಿಸಿಕೊಂಡೇ ಕೆಳಗಿಳಿದ. ತೋಳು ಬಂದೂಕಿನ ನಳಿಗೆಯಷ್ಟೂ ದಪ್ಪವಿರಲಿಲ್ಲ ಎನಿಸಿತು. ಕೊಸರಿದ್ದರೆ ಚೆನ್ನಾಗಿತ್ತು.

ನೋರೀನ್ ಗಾಡಿಯಿಂದ ಇಳಿದು ಓಡಿ ಬಂದಳು. ಅವಳ ಕಣ್ಣು ಒದ್ದೆಯಾಗಿತ್ತು. "ಗುಂಡಿನ ಸದ್ದು ಕೇಳಲಿಲ್ಲ. ಆದ್ರೆ ಕೂಗು ಕೇಳ್ತು ಕಣ್ರೋ! ಎದೆ ಧಸಕ್ ಅಂತು. ಗಾರ್ತ್‌ಗೆ ಗಂಟಲು ಬಂತು ಅಂತ, ನಿಜವಾಗ್ಲೂ ಒಂದು ನಿಮಿಷ ಹಾಗೇ ಅಂದ್ಕೊಂಡೆ, ಹುಚ್ಚಿ." ಅವಳು ಲೈಲ್‌ನನ್ನು ತಬ್ಬಿಕೊಂಡಳು. ಅವನ ಕೈ ಜೋತುಬಿದ್ದೇ ಇತ್ತು. "ನೀನು ಅಷ್ಟು ಚೆನ್ನಾಗಿ ಕೂಗ್ತೀಯ ಅಂತ ಗೊತ್ತೇ ಇರ್ಲಿಲ್ಲ. ಮತ್ತೆ? ಬರಲಿಲ್ವಾ?"

ಅವಳು ಇಬ್ಬರ ಮುಖವನ್ನೂ ನೋಡಿದಳು. "ಹೋಗ್ಲಿ, ಪಟನಾದ್ರೂ ಸಿಕ್ತಾ?"

"ಇಲ್ಲ," ಎಂದ ಲೈಲ್.

ಗಾರ್ತ್ ಜೇಬಿನ ಗುಂಡಿ ಬಿಚ್ಚಿ ಯಂತ್ರ ತೆಗೆದ. "ಸಿಕ್ತು," ಎಂದ. "ತೋರ್ಸು."

ಲೈಲ್ ಕ್ಯಾಮೆರಾದ ಹಿಂದಿನ ಸಣ್ಣ ಪರದೆ ಹೊತ್ತಿಸಿದ. ಅದು ಅವನು ತೆಗೆದ ಪಟಗಳಲ್ಲೆಲ್ಲ ಒಳ್ಳೆಯ ಪಟ. ಒಂದೊಂದು ರೋಮವೂ ಕಾಣುತ್ತಿತ್ತು. ಹಿಂದೆ ಏನೂ ಇರಲಿಲ್ಲ, ಬರೀ ಹಳದಿ. ನೋರೀನ್ ಬಗ್ಗಿ ನೋಡಿದಳು, ಮೊದಲು ನಕ್ಕಳು, ಆಮೇಲೆ ನಗು ನಿಂತಿತು. ಇದೇ ಕಣಿವೆಯಲ್ಲಿ ಹುಟ್ಟಿದವಳು, ತಾನೂ ಎಷ್ಟೋ ಎಲ್ಕ್ ಹೊಡೆದವಳು.

"ಇಷ್ಟು ಹತ್ರ ಇತ್ತಾ? ಪಕ್ಕೆ ಕೊಟ್ಕೊಂಡು ನಿಂತಿದೆ. ಇದನ್ನ ಹೊಡೆಯೋಕೆ ಕಣ್ಣೂ ಬೇಕಾಗಿಲ್ಲ." ಅವಳು ತಲೆಯೆತ್ತಿದಳು. "ಯಾಕೆ ಹೊಡೀಲಿಲ್ಲ?"

ಲೈಲ್ ಬಾಯಿ ತೆರೆದ. ಅಷ್ಟರಲ್ಲಿ ಪಕ್ಕದಿಂದ ದುಂಬಿ ಗುಂಯ್‌ಗುಟ್ಟಿತು.

"ನಾನೇ ಬಿಟ್ಟೆ."

"ಬಿಟ್ಯಾ?" ನೋರೀನ್‌ಳ ದನಿ ಒಡೆಯಿತು. "ಈ ಚಳೀಲಿ, ಕುತ್ತಿಗೇಲಿ ತೂತು ಇಟ್ಕೊಂಡು, ಅಲ್ಲೀವರೆಗೂ ಹತ್ತಿ ಹೋಗಿ ಬಿಟ್ಟು ಬಂದ್ಯಾ? ಒಂದು ವಾರದಿಂದ ನಿದ್ದೆ ಮಾಡಿದ್ದೀನಾ ನಾನು? ನಿನಗೆ ಯಾವತ್ತು ಏನು ಬೇಕು ಅಂತ ನಿನಗೇ ಗೊತ್ತಿಲ್ಲ, ಮದುವೆ ಆದಾಗ್ಲಿಂದ ಇದೇ ಗೋಳು!" ಬೆನ್ನು ತಿರುಗಿಸಿ ಕಣ್ಣೊರೆಸಿಕೊಂಡಳು. ಗಾರ್ತ್ ಯಂತ್ರವನ್ನು ಜೇಬಿಗೆ ಹಾಕಿಕೊಂಡು ಗಾಡಿಯ ಬಾಗಿಲು ತೆಗೆದು, ಒಳಗೆ ಹತ್ತಲಾಗದೆ, ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತಿದ್ದ. ಅವನ ಕುತ್ತಿಗೆಯಿಂದ ಹಬೆ ತಡೆತಡೆದು ಬರುತ್ತಿತ್ತು.

ನೋರೀನ್ ಲೈಲ್‌ನ ತೋಳು ಮುಟ್ಟಿದಳು. "ನೀನು ಬೇಜಾರ್ ಮಾಡ್ಕೋಬೇಡ ಕಣೋ. ಪಾಪ, ಅಷ್ಟು ಚೆನ್ನಾಗಿ ಕರ್ಸಿ ಕೊಟ್ಟಿದ್ದೆ. ನಿನ್ನ ಕೈಲಾದ್ದು ನೀನು ಮಾಡ್ದೆ."

ಗಾರ್ತ್ ಅತ್ತ ಗುಡ್ಡದ ಕಡೆ ನೋಡುತ್ತಿದ್ದ, ಆದರೆ ಕಿವಿ ಇತ್ತಲೇ ಇತ್ತು. ಈಗ ನಿಜ ಹೇಳಬಹುದಿತ್ತು. ಲೈಲ್‌ಗೆ ಗಂಟಲಿತ್ತು, ನಾಲಿಗೆಯಿತ್ತು, ಅವಳು ಎದುರಿಗೇ ನಿಂತಿದ್ದಳು.

"ಪರವಾಗಿಲ್ಲ ಬಿಡು, ನೋರೀನ್," ಎಂದ.